ಆಲ್ಬರ್ಸ್ ಚೌಕಗಳು: ಅಳತೆ ಕಟ್ಟಿಹಾಕಿ ಬಣ್ಣವನ್ನು ಬಿಟ್ಟುಕೊಟ್ಟ ಕ್ರಮ

ಪ್ರಶ್ನೆ: ಜರ್ಮನ್ ಮೂಲದ ಅಮೆರಿಕನ್ ಕಲಾವಿದ ಜೋಸೆಫ್ ಆಲ್ಬರ್ಸ್ ತಮ್ಮ ಕೊನೆಯ ಇಪ್ಪತ್ತೈದು ವರ್ಷ ಒಂದರೊಳಗೊಂದು ಚೌಕ ಬಿಟ್ಟು ಬೇರೇನೂ ಮಾಡಲಿಲ್ಲ ಎಂದು ಓದಿದೆ. ನಾನು ಅಕ್ರಿಲಿಕ್‌ನಲ್ಲಿ ಅಮೂರ್ತ ಚಿತ್ರ ಮಾಡುತ್ತೇನೆ. ಇಷ್ಟು ಕಟ್ಟುನಿಟ್ಟಾಗಿ ಕೆಲಸ ಮಾಡಿದರೆ ಚಿತ್ರ ಯಾಂತ್ರಿಕವಾಗುವುದಿಲ್ಲವೇ? ಅವರು ಹೇಗೆ ಕೆಲಸ ಮಾಡುತ್ತಿದ್ದರು, ಆ ಕ್ರಮ ಅವರಿಗೆ ಎಲ್ಲಿಂದ ಬಂತು, ನಾನು ಪ್ರಯತ್ನಿಸಬೇಕೆಂದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಒಂದು ತಿದ್ದುಪಡಿ. ಆ ವರ್ಷಗಳಲ್ಲಿ ಆಲ್ಬರ್ಸ್ ಚೌಕಗಳನ್ನಷ್ಟೇ ಮಾಡಲಿಲ್ಲ. ಪ್ಲಾಸ್ಟಿಕ್ ಹಲಗೆಯ ಮೇಲೆ ಗೆರೆ ಕೊರೆದ ‘ಸ್ಟ್ರಕ್ಚರಲ್ ಕಾನ್‌ಸ್ಟೆಲೇಶನ್’ ಸರಣಿ, ಕಟ್ಟಡಗಳ ಭಿತ್ತಿಕೃತಿಗಳು, ಮುದ್ರಣ ಚಿತ್ರಗಳು ಜೊತೆಜೊತೆಗೇ ನಡೆದವು. ಆದರೂ ನೀವು ಹೇಳುವ ಚೌಕಗಳ ಸರಣಿ, ‘ಹೋಮೇಜ್ ಟು ದಿ ಸ್ಕ್ವೇರ್’ (ಚೌಕಕ್ಕೆ ನಮನ), 1950ರಲ್ಲಿ, ಅವರಿಗೆ 62 ತುಂಬಿದ ಮೇಲೆ ಶುರುವಾಗಿ 1976ರಲ್ಲಿ ಅವರು ತೀರಿಕೊಳ್ಳುವ ತನಕ ನಡೆಯಿತು ಎಂಬುದು ನಿಜ. ಆ ಸರಣಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೃತಿಗಳಿವೆ.

ಯಾಂತ್ರಿಕವೇ ಎಂಬ ಅನುಮಾನಕ್ಕೆ ಉತ್ತರ ಬೇಕಾದರೆ ಕ್ರಮ ಯಾವುದನ್ನು ಬಿಗಿಹಿಡಿದಿದೆ, ಯಾವುದನ್ನು ಸಡಿಲ ಬಿಟ್ಟಿದೆ ಎಂದು ನೋಡಬೇಕು. ಫ್ರಾನ್ಸಿನ ಫ್ರಾಂಸ್ವಾ ಮೊರೆಲೆ 1960ರಲ್ಲಿ ಟೆಲಿಫೋನ್ ಡೈರೆಕ್ಟರಿಯ ಸಮ-ಬೆಸ ಅಂಕಿಗಳನ್ನು ನೋಡಿಕೊಂಡು ನಲವತ್ತು ಸಾವಿರ ಪುಟ್ಟ ಚೌಕಗಳಿಗೆ ಎರಡು ಬಣ್ಣ ಹಂಚಿದರು. ಅಲ್ಲಿ ಯಾವ ಚೌಕಕ್ಕೆ ಯಾವ ಬಣ್ಣ ಎಂಬುದನ್ನು ಕ್ರಮವೇ ನಿರ್ಧರಿಸಿತು. ಕಲಾವಿದ ಬೇಕೆಂದೇ ಪಕ್ಕಕ್ಕೆ ಸರಿದರು. ಆಲ್ಬರ್ಸ್ ಮಾಡಿದ್ದು ಇದರ ತದ್ವಿರುದ್ಧ. ಆಕಾರ, ಅಳತೆ, ಹಲಗೆ, ಬಣ್ಣ ಹಚ್ಚುವ ರೀತಿ ಎಲ್ಲವನ್ನೂ ಮೊದಲೇ ಇತ್ಯರ್ಥ ಮಾಡಿ ಒಂದೇ ಒಂದು ತೀರ್ಮಾನವನ್ನು ತಮ್ಮ ಕೈಯಲ್ಲಿ ಉಳಿಸಿಕೊಂಡರು: ಯಾವ ಬಣ್ಣದ ಪಕ್ಕ ಯಾವ ಬಣ್ಣ. ಉಳಿದದ್ದೆಲ್ಲ ಸ್ಥಿರವಾಗಿದ್ದರೆ ಎರಡು ಚಿತ್ರಗಳ ನಡುವೆ ಕಾಣುವ ವ್ಯತ್ಯಾಸಕ್ಕೆ ಬಣ್ಣವೇ ಕಾರಣ ಎಂದು ಖಚಿತವಾಗಿ ಹೇಳಬಹುದು. ಅವರಿಗೆ ಬೇಕಾಗಿದ್ದುದು ಅಷ್ಟೇ.

ಈಗ ಅಳತೆ. ಹಲಗೆಯ ಬದಿಯನ್ನು ಹತ್ತು ಪಾಲು ಮಾಡಿ. ಚೌಕಗಳ ಬದಿ ಕ್ರಮವಾಗಿ 10, 8, 6 ಮತ್ತು 4 ಪಾಲು. ಒಂದು ಚೌಕದಿಂದ ಒಳಗಿನದಕ್ಕೆ ಹೋಗುವಾಗ ಕೆಳಗೆ ಅರ್ಧ ಪಾಲು, ಎಡ-ಬಲಕ್ಕೆ ಒಂದೊಂದು ಪಾಲು, ಮೇಲೆ ಒಂದೂವರೆ ಪಾಲು ಅಂಚು ಬಿಡಬೇಕು. ಅಂದರೆ ಕೆಳಗೆ, ಪಕ್ಕದಲ್ಲಿ, ಮೇಲೆ 1:2:3. ಹಲಗೆ 60 ಸೆಂ.ಮೀ. ಇದ್ದರೆ ಪಾಲು 6 ಸೆಂ.ಮೀ.; ಎರಡನೆಯ ಚೌಕದ ಬದಿ 48, ಅದು ಕೆಳಗಿನಿಂದ 3, ಪಕ್ಕಗಳಿಂದ 6, ಮೇಲಿನಿಂದ 9 ಸೆಂ.ಮೀ. ದೂರದಲ್ಲಿ ಕೂರುತ್ತದೆ. ಮೂರನೆಯದು 36, ಕೆಳಗಿನಿಂದ 6, ಪಕ್ಕದಿಂದ 12, ಮೇಲಿನಿಂದ 18. ನಾಲ್ಕನೆಯದು 24, ಕೆಳಗಿನಿಂದ 9, ಪಕ್ಕದಿಂದ 18, ಮೇಲಿನಿಂದ 27. ಗೆರೆ ಎಳೆದ ಮೇಲೆ ತಾಳೆ ನೋಡುವುದು ಸುಲಭ. ಚೌಕಗಳ ಮೂಲೆಗಳಿಗೆ ಸ್ಕೇಲ್ ಇಟ್ಟು ಒಳಮುಖವಾಗಿ ಮುಂದುವರಿಸಿದರೆ ನಾಲ್ಕೂ ಗೆರೆ ಹಲಗೆಯ ನಡುಗೆರೆಯ ಮೇಲೆ, ಕೆಳಗಿನಿಂದ ಕಾಲು ಭಾಗದ ಎತ್ತರದಲ್ಲಿ, ಅಂದರೆ 15 ಸೆಂ.ಮೀ.ನಲ್ಲಿ ಸೇರಬೇಕು. ಸೇರದಿದ್ದರೆ ಎಲ್ಲೋ ಒಂದು ಅಂಚು ತಪ್ಪಿದೆ.

ಆ ಬಿಂದು ಕೆಳಗಿರುವುದು ಮುಖ್ಯ. ಚೌಕಗಳನ್ನು ಸರಿಯಾಗಿ ನಡುವೆ ಇಟ್ಟಿದ್ದರೆ ಕಣ್ಣು ಅದನ್ನು ಗುರಿಹಲಗೆಯಂತೆ ಓದಿ ನಡುವೆ ನಿಂತುಬಿಡುತ್ತಿತ್ತು. ಕೆಳಕ್ಕೆ ಜಗ್ಗಿದಾಗ ಚೌಕಕ್ಕೆ ಭಾರ ಬರುತ್ತದೆ, ಮೇಲಿನ ಅಗಲ ಪಟ್ಟಿ ಅದನ್ನು ಎತ್ತಿದಂತೆಯೂ ಕಾಣುತ್ತದೆ. ಒಂದೇ ಬಣ್ಣ ಕೆಳಗೆ ಕಿರಿದಾದ ಪಟ್ಟಿಯಾಗಿ, ಮೇಲೆ ಅದರ ಮೂರರಷ್ಟು ಅಗಲವಾಗಿ ಒಂದೇ ಚಿತ್ರದಲ್ಲಿ ಸಿಗುವುದರಿಂದ, ಅಗಲ ಬದಲಾದಂತೆ ಬಣ್ಣ ಹೇಗೆ ಬದಲಾಗುತ್ತದೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ಈ ಅಳತೆಯಿಂದ ನಾಲ್ಕು ವಿನ್ಯಾಸ ಬರುತ್ತವೆ. ನಾಲ್ಕೂ ಚೌಕ ಇರುವುದು ಒಂದು. ಒಳಗಿನ ಮೂರರಲ್ಲಿ ಯಾವುದಾದರೊಂದನ್ನು ಬಿಟ್ಟದ್ದು ಮೂರು. ಕಣ್ಣಿಗೆ ಬೀಳುವ ಬಣ್ಣದ ವಿಸ್ತೀರ್ಣವನ್ನು ಲೆಕ್ಕ ಹಾಕಿದರೆ ಇವುಗಳ ಸ್ವಭಾವ ತಿಳಿಯುತ್ತದೆ. ನಾಲ್ಕು ಚೌಕದ್ದರಲ್ಲಿ ಒಳಗಿನಿಂದ ಹೊರಕ್ಕೆ ಶೇ. 16, 20, 28, 36. ಎಂಟು ಪಾಲಿನದನ್ನು ಬಿಟ್ಟರೆ 16, 20, 64. ಹೊರಬಣ್ಣ ಎಲ್ಲವನ್ನೂ ನುಂಗಲು ನೋಡುತ್ತದೆ. ಆರು ಪಾಲಿನದನ್ನು ಬಿಟ್ಟರೆ 16, 48, 36, ನಡುಬಣ್ಣವೇ ಯಜಮಾನ. ನಾಲ್ಕು ಪಾಲಿನದನ್ನು ಬಿಟ್ಟರೆ 36, 28, 36. ಅತ್ಯಂತ ಹೊರಗಿನದು ಮತ್ತು ಅತ್ಯಂತ ಒಳಗಿನದು ಸರಿಸಮ. ಸಮ ವಿಸ್ತೀರ್ಣದ ಎರಡು ಬಣ್ಣಗಳ ನಡುವೆ ಮೂರನೆಯದೊಂದು ಸಿಕ್ಕಿಬಿದ್ದಾಗ ಏನಾಗುತ್ತದೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ವಿನ್ಯಾಸವಿಲ್ಲ. ಹೊಸಬರು ಇದರಿಂದಲೇ ಶುರು ಮಾಡಲಿ ಎಂಬುದು ನನ್ನ ಅಭಿಪ್ರಾಯ.

ಚಿತ್ರದ ನೆಲ ಕ್ಯಾನ್ವಾಸ್ ಅಲ್ಲ, ಮ್ಯಾಸೊನೈಟ್ ಎಂಬ ಹಾರ್ಡ್‌ಬೋರ್ಡ್. ಕ್ಯಾನ್ವಾಸ್ ಬಣ್ಣ ಸವರುವ ಚಾಕುವಿನ ಒತ್ತಡಕ್ಕೆ ಬಗ್ಗುತ್ತದೆ, ಹಾರ್ಡ್‌ಬೋರ್ಡ್ ಬಗ್ಗುವುದಿಲ್ಲ. ಅದರ ಒಂದು ಮೈ ನಯ, ಇನ್ನೊಂದು ಜಾಲರಿ ಗುರುತಿನ ಒರಟು. ಆಲ್ಬರ್ಸ್ ಒರಟು ಮೈಯನ್ನು ಆರಿಸಿಕೊಂಡರು. ಬಣ್ಣಕ್ಕೆ ಹಿಡಿತ ಸಿಗುತ್ತದೆ, ಹಚ್ಚಿದ ಮೇಲೂ ಸಣ್ಣ ಕಣಕಣವಾದ ಮೇಲ್ಮೈ ಉಳಿದು ಬೆಳಕು ಕನ್ನಡಿಯಂತೆ ಹೊಳೆಯುವುದಿಲ್ಲ. ಅದರ ಮೇಲೆ ಹಲವು ಕೋಟ್ ಬಿಳಿ ಪ್ರೈಮರ್. ಅಷ್ಟು ಕೋಟ್ ಯಾಕೆಂದರೆ ಮೇಲೆ ಬರುವ ಬಣ್ಣ ಒಂದೇ ಪದರ. ಅಡಿಯ ಬಿಳಿ ದಟ್ಟವಾಗಿ, ಎಲ್ಲೆಡೆ ಒಂದೇ ಸಮ ಇಲ್ಲದಿದ್ದರೆ ಹಲಗೆಯ ಕಂದು ಅಲ್ಲಲ್ಲಿ ಇಣುಕಿ ಬಣ್ಣವನ್ನು ಮಂಕು ಮಾಡುತ್ತದೆ.

ಆಮೇಲೆ ಪೆನ್ಸಿಲ್ ಗೆರೆ, ಆಮೇಲೆ ಬಣ್ಣ. ಬ್ರಷ್ ಇಲ್ಲ, ಪ್ಯಾಲೆಟ್ ನೈಫ್. ಅಪರೂಪದ ಅಪವಾದ ಬಿಟ್ಟರೆ ಬೆರಕೆಯೂ ಇಲ್ಲ. ಟ್ಯೂಬಿನಿಂದ ಹಿಂಡಿದ ಎಣ್ಣೆಬಣ್ಣವನ್ನು ಹಾಗೇ ಸವರುವುದು. ನಡುವಿನ ಚೌಕದಿಂದ ಶುರುಮಾಡಿ ಹೊರಕ್ಕೆ ಬರುವುದು. ಮನೆಗಳಿಗೆ ಬಣ್ಣ ಬಳಿಯುವ ಕಸುಬಿನ ತಂದೆ ಬಾಗಿಲಿಗೆ ಬಣ್ಣ ಹೊಡೆಯುವಾಗ ನಡುವಿನಿಂದ ಹೊರಕ್ಕೆ ಹೋಗಬೇಕು, ಆಗ ಸೋರಿದ್ದನ್ನು ಹಿಡಿಯಬಹುದು, ಅಂಗಿ ತೋಳೂ ಕೊಳೆಯಾಗದು ಎಂದು ಕಲಿಸಿದ್ದರಂತೆ. ಆಲ್ಬರ್ಸ್ ಇದನ್ನು ಹೇಳಿಕೊಳ್ಳುತ್ತಿದ್ದರು. ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಹತ್ತುವುದಿಲ್ಲ, ಎರಡೂ ಅಂಚಿಗೆ ಅಂಚು ತಾಗಿ ನಿಲ್ಲುತ್ತವೆ. ಪುಸ್ತಕದ ಮುದ್ರಣದಲ್ಲಿ ರೇಜರ್‌ನಿಂದ ಕತ್ತರಿಸಿದಂತೆ ಕಾಣುವ ಆ ಅಂಚನ್ನು ಎದುರಿಗೆ ನಿಂತು ನೋಡಿದರೆ ಕೈಕೆಲಸ ಗೊತ್ತಾಗುತ್ತದೆ: ಚಾಕು ಒಂದಿಷ್ಟು ನಿಂತು ಮುಂದೆ ಹೋದ ಗುರುತು, ಎರಡು ಬಣ್ಣ ಪೂರ್ತಿ ಕೂಡದ ಕಡೆ ಕೂದಲೆಳೆಯಷ್ಟು ಬಿಳಿ.

ಟ್ಯೂಬಿನ ಬಣ್ಣವೇ ಏಕೆ ಎಂದು ಬಹಳ ಜನ ಕೇಳುತ್ತಾರೆ. ಬೆರೆಸಿದ ಬಣ್ಣವನ್ನು ಮತ್ತೊಮ್ಮೆ ಅದೇ ಪ್ರಮಾಣದಲ್ಲಿ ಪಡೆಯುವುದು ಕಷ್ಟ. ಟ್ಯೂಬಿನದಾದರೆ ಹೆಸರು ಮತ್ತು ತಯಾರಕರನ್ನು ಬರೆದಿಟ್ಟರೆ ಸಾಕು. ತಯಾರಕರ ಹೆಸರೂ ಬೇಕೇ ಬೇಕು. ‘ಯೆಲ್ಲೊ ಓಕರ್’ ಎಂಬ ಒಂದೇ ಹೆಸರಿನಲ್ಲಿ ಒಬ್ಬರದು ಹಸಿರಿಗೆ ವಾಲಿದ್ದರೆ ಇನ್ನೊಬ್ಬರದು ಕೆಂಪಿಗೆ ವಾಲಿರುತ್ತದೆ. ಆಲ್ಬರ್ಸ್ ಈ ವ್ಯತ್ಯಾಸವನ್ನೇ ಬಂಡವಾಳ ಮಾಡಿಕೊಂಡರು, ಬೇರೆ ಬೇರೆ ತಯಾರಕರ ಒಂದೇ ಹೆಸರಿನ ಬಣ್ಣಗಳು ಅವರಿಗೆ ಬೇರೆ ಬೇರೆ ಬಣ್ಣಗಳೇ. ಹಲಗೆಯ ಹಿಂಬದಿಯಲ್ಲಿ ಪ್ರೈಮರ್ ಏನು, ನಡುವಿನಿಂದ ಹೊರಕ್ಕೆ ಬಣ್ಣಗಳು ಯಾವುವು, ಯಾರು ತಯಾರಿಸಿದ್ದು, ವಾರ್ನಿಷ್ ಯಾವುದು ಎಂದು ಪಟ್ಟಿ ಬರೆದಿಡುತ್ತಿದ್ದರು.

ಇಷ್ಟೆಲ್ಲ ತಯಾರಿ. ಚಿತ್ರ ನಿಜಕ್ಕೂ ಹುಟ್ಟುತ್ತಿದ್ದುದು ಹಲಗೆಯ ಮೇಲಲ್ಲ, ಅದಕ್ಕೂ ಮೊದಲು ಬ್ಲಾಟಿಂಗ್ ಪೇಪರಿನ ಮೇಲೆ ಮಾಡಿದ ಬಣ್ಣದ ಪ್ರಯೋಗಗಳಲ್ಲಿ. ಒಂದು ಹಳದಿಯ ಪಕ್ಕ ಇನ್ನೊಂದು ಹಳದಿ, ಬೇಡವೆನಿಸಿದರೆ ಮೂರನೆಯದು, ಪಕ್ಕದಲ್ಲಿ ಪೆನ್ಸಿಲ್ ಟಿಪ್ಪಣಿ. ಅವರು ಹುಡುಕುತ್ತಿದ್ದುದು ಇಂಥ ಘಟನೆಗಳನ್ನು: ನಡುವಿನ ಪಟ್ಟಿ ಒಳಚೌಕದ ಕಡೆ ಹೊರಬಣ್ಣದ ಛಾಯೆ ತಳೆದು, ಹೊರಚೌಕದ ಕಡೆ ಒಳಬಣ್ಣದ ಛಾಯೆ ತಳೆಯುವುದು, ಅಪಾರದರ್ಶಕ ಬಣ್ಣವೊಂದು ಎರಡು ಬಣ್ಣಗಳ ಮೇಲೆ ಹಾಸಿದ ತೆಳು ಪರದೆಯಂತೆ ಕಾಣುವುದು, ಎರಡು ಬಣ್ಣ ಒಂದೇ ಮಟ್ಟದ ಬೆಳಕಿನವಾದಾಗ ನಡುವಿನ ಅಂಚೇ ಕರಗಿಹೋಗುವುದು. ಪಕ್ಕದ ಬಣ್ಣದಿಂದ ಬಣ್ಣ ಬದಲಾಗುತ್ತದೆ ಎಂಬುದನ್ನು ಫ್ರೆಂಚ್ ರಸಾಯನಶಾಸ್ತ್ರಜ್ಞ ಶೆವ್ರಲ್ 1839ರಲ್ಲೇ ವಿವರವಾಗಿ ಬರೆದಿದ್ದರು. ಆ ತಿಳಿವಳಿಕೆ ಹೊಸದಲ್ಲ. ಹಚ್ಚಿದ ಬಣ್ಣ ಒಂದು, ಕಾಣುವ ಬಣ್ಣ ಇನ್ನೊಂದು ಎಂಬುದನ್ನೇ ಚಿತ್ರದ ವಸ್ತುವನ್ನಾಗಿ ಮಾಡಿ ಕಾಲು ಶತಮಾನ ಬಿಡದೆ ಪರೀಕ್ಷಿಸಿದ್ದು ಹೊಸದು.

ಬೆಳಕಿನ ವಿಷಯದಲ್ಲೂ ಅವರು ಅಷ್ಟೇ ಬಿಗಿ. ಬೆಚ್ಚನೆಯ ಮತ್ತು ತಣ್ಣನೆಯ ಛಾಯೆಯ ಟ್ಯೂಬ್‌ಲೈಟ್‌ಗಳನ್ನು ಸೇರಿಸಿ ಹಾಕಿ, ಆ ಬೆಳಕಿನಲ್ಲಿ ಕೆಲಸ ಮಾಡುತ್ತಿದ್ದರು. ಕಿಟಕಿಯ ಬೆಳಕು ಬೆಳಗ್ಗೆ ಒಂದು, ಸಂಜೆ ಒಂದು. ಬೆಳಕು ಓಡಾಡಿದರೆ ಮತ್ತೆಲ್ಲವನ್ನೂ ಕಟ್ಟಿಹಾಕಿದ್ದು ವ್ಯರ್ಥ.

ಕ್ರಮ ಎಲ್ಲಿಂದ ಬಂತು ಎಂದು ಕೇಳಿದ್ದೀರಿ. 1888ರಲ್ಲಿ ಜರ್ಮನಿಯ ಬಾಟ್ರಾಪ್‌ನಲ್ಲಿ ಹುಟ್ಟಿದ ಆಲ್ಬರ್ಸ್ ಮೊದಲು ಶಾಲಾ ಮಾಸ್ತರು. ಬರ್ಲಿನ್, ಎಸ್ಸೆನ್, ಮ್ಯೂನಿಕ್‌ಗಳಲ್ಲಿ ಕಲಿತ ಮೇಲೆ 1920ರಲ್ಲಿ, 32ನೇ ವಯಸ್ಸಿನಲ್ಲಿ, ವೈಮಾರಿನ ಬೌಹೌಸ್ ಎಂಬ ಕಲೆ ಮತ್ತು ವಿನ್ಯಾಸದ ಶಾಲೆಗೆ ಮತ್ತೆ ವಿದ್ಯಾರ್ಥಿಯಾಗಿ ಸೇರಿದರು. ಸಾಮಗ್ರಿಗೆ ದುಡ್ಡಿಲ್ಲದೆ ಕಸದ ರಾಶಿಯಿಂದ ಒಡೆದ ಬಾಟಲಿ ಚೂರುಗಳನ್ನು ಆಯ್ದು ತಂದು ಗಾಜಿನ ಕೃತಿ ಕಟ್ಟಿದರು. ಅಲ್ಲಿ ಚೂರು ಹೇಗಿದೆಯೋ ಹಾಗೆ ಬಳಸಬೇಕು. ಕೆಲವೇ ವರ್ಷಗಳಲ್ಲಿ ಅದು ಪೂರ್ತಿ ತಿರುಗಿತು: ಬಿಳಿ ಗಾಜಿನ ಮೇಲೆ ಕಪ್ಪು ಅಥವಾ ಕೆಂಪು ಗಾಜಿನ ತೆಳು ಪದರ ಕೂಡಿಸಿದ ಹಲಗೆ, ಅದಕ್ಕೆ ಕತ್ತರಿಸಿದ ಸ್ಟೆನ್ಸಿಲ್, ಮೇಲೆ ಮರಳು ಊದುವ ಯಂತ್ರ. ಮರಳು ತಾಗಿದ ಕಡೆ ಮೇಲ್ಪದರ ಹೋಗಿ ಬಿಳಿ ಕಾಣುತ್ತದೆ. ಈ ವಿಧಾನದಲ್ಲಿ ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿರಬೇಕು, ಆಮೇಲೆ ತಿದ್ದುವ ಮಾತಿಲ್ಲ. ಚೌಕಗಳ ಶಿಸ್ತಿನ ಬೇರು ಇಲ್ಲಿದೆ. 1930ರ ದಶಕದ ಆರಂಭದ ‘ಟ್ರೆಬಲ್ ಕ್ಲೆಫ್’ ಸರಣಿಯಲ್ಲಿ ಒಂದೇ ಆಕಾರವನ್ನು ಇಟ್ಟುಕೊಂಡು ಬೂದುಗಳನ್ನಷ್ಟೇ ಬದಲಿಸಿದರು.

1933ರಲ್ಲಿ ನಾಜಿಗಳ ಒತ್ತಡಕ್ಕೆ ಬೌಹೌಸ್ ಮುಚ್ಚಿತು. ನೇಯ್ಗೆ ಕಲಾವಿದೆಯಾದ ಪತ್ನಿ ಆನಿ ಜೊತೆ ಅಮೆರಿಕಕ್ಕೆ ಹೋಗಿ ನಾರ್ತ್ ಕ್ಯಾರೊಲಿನಾದ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ 1949ರ ತನಕ, ಆಮೇಲೆ 1950ರಿಂದ 1958ರ ತನಕ ಯೇಲ್ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಮುಂದೆ ಹೆಸರಾಂತ ಕಲಾವಿದರಾದ ರಾಬರ್ಟ್ ರೌಶೆನ್‌ಬರ್ಗ್, ರೂತ್ ಅಸಾವಾ, ಕೆನೆತ್ ನೋಲಂಡ್ ಬ್ಲ್ಯಾಕ್ ಮೌಂಟನ್‌ನ ಶಿಷ್ಯರು. ಮೂವರಲ್ಲಿ ಒಬ್ಬರೂ ಗುರುವಿನಂತೆ ಚಿತ್ರ ಮಾಡಲಿಲ್ಲ ಎನ್ನುವುದು ಆ ಕಲಿಸುವಿಕೆಯ ಗುಣಮಟ್ಟವನ್ನು ಹೇಳುತ್ತದೆ. ಈ ನಡುವೆ ಮತ್ತೆ ಮತ್ತೆ ಮೆಕ್ಸಿಕೊ ಪ್ರವಾಸ. ಅಲ್ಲಿನ ಮಣ್ಣಿಟ್ಟಿಗೆ ಮನೆಗಳ ಮುಖಗೋಡೆ ನೋಡಿ 1947ರ ಸುಮಾರಿಗೆ ‘ವೇರಿಯಂಟ್’ ಸರಣಿ ಬಂತು. ಅದರಲ್ಲಿ ಬೇರೆ ಬೇರೆ ಆಕಾರಗಳಿದ್ದರೂ ಪ್ರತಿ ಬಣ್ಣಕ್ಕೆ ಹೆಚ್ಚುಕಡಿಮೆ ಸಮ ವಿಸ್ತೀರ್ಣ ಸಿಗುವಂತೆ ಗ್ರಿಡ್ ಹಾಕಿದ್ದರು. ಅಲ್ಲಿಂದ ಚೌಕಕ್ಕೆ ಒಂದೇ ಹೆಜ್ಜೆ: ಕಿಟಕಿ ಬಾಗಿಲುಗಳ ನೆನಪನ್ನೂ ತೆಗೆದುಹಾಕುವುದು.

ಹೆಸರು ನಿಧಾನಕ್ಕೆ ಬಂತು. ಹೊಟ್ಟೆಪಾಡು ನಡೆದದ್ದು ಬಹುಪಾಲು ಮಾಸ್ತರಿಕೆಯಿಂದ. ಬಣ್ಣದ ಪಾಠಗಳನ್ನು ಒಟ್ಟು ಮಾಡಿದ ‘ಇಂಟರ್‍ಯಾಕ್ಷನ್ ಆಫ್ ಕಲರ್’ ಪುಸ್ತಕ 1963ರಲ್ಲಿ ಬಂದಾಗ ಅವರಿಗೆ 75. 1971ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಅವರ ಸಮಗ್ರ ಪ್ರದರ್ಶನ ನಡೆಸಿತು. ಬದುಕಿರುವ ಕಲಾವಿದರೊಬ್ಬರಿಗೇ ಮೀಸಲಾದ ಅಂಥ ಪ್ರದರ್ಶನ ಆ ಸಂಸ್ಥೆಯಲ್ಲಿ ಅದೇ ಮೊದಲು.

ಇನ್ನು ನಿಮ್ಮ ಕೆಲಸ. ಮೊದಲ ಒಂದೆರಡು ತಿಂಗಳು ಬಣ್ಣದ ಟ್ಯೂಬ್ ಮುಟ್ಟಬೇಡಿ. ಆಲ್ಬರ್ಸ್ ತರಗತಿಯಲ್ಲಿ ಬಣ್ಣದ ಕಾಗದವನ್ನೇ ಕೊಡುತ್ತಿದ್ದರು. ಕಾಗದಕ್ಕೆ ಬ್ರಷ್ ಗುರುತಿಲ್ಲ, ಬೆರಕೆಯ ತಪ್ಪಿಲ್ಲ, ಅದೇ ಬಣ್ಣ ಎಷ್ಟು ಸಲ ಬೇಕಾದರೂ ಸಿಗುತ್ತದೆ. ಮೊದಲ ಅಭ್ಯಾಸ: ಸುಮಾರು 15 ಸೆಂ.ಮೀ.ನ ಎರಡು ಬೇರೆ ಬಣ್ಣದ ಕಾಗದ ಅಕ್ಕಪಕ್ಕ ಇಟ್ಟು, ಪ್ರತಿಯೊಂದರ ನಟ್ಟನಡುವೆ ಮೂರನೇ ಬಣ್ಣದ ಒಂದೇ ಕಾಗದದಿಂದ ಕತ್ತರಿಸಿದ 2 ಸೆಂ.ಮೀ. ತುಂಡೊಂದನ್ನು ಇಡಿ. ಆ ಎರಡು ತುಂಡು ಬೇರೆ ಬೇರೆ ಬಣ್ಣ ಎಂದು ನೋಡುವವರು ನಂಬಬೇಕು. ತುಂಡಿನ ಬಣ್ಣ ಎರಡು ಹಿನ್ನೆಲೆಗಳ ಸರಿಸುಮಾರು ಮಧ್ಯದಲ್ಲಿ ಬಿದ್ದರೆ ಪರಿಣಾಮ ಜೋರು. ಬಲವಾದ ಕೆಂಪು, ಬಲವಾದ ಹಳದಿ ತುಂಡು ಇಟ್ಟರೆ ಏನೂ ಆಗುವುದಿಲ್ಲ. ಅವು ಪಕ್ಕದವರ ಮಾತು ಕೇಳುವ ಬಣ್ಣಗಳಲ್ಲ. ತುಂಡು ದೊಡ್ಡದಾದರೂ ಪರಿಣಾಮ ಸೋರಿಹೋಗುತ್ತದೆ. ಇದು ಸಾಧಿಸಿದ ಮೇಲೆ ಉಲ್ಟಾ ಮಾಡಿ: ಎರಡು ಬೇರೆ ಬಣ್ಣ ಒಂದೇ ಆಗಿ ಕಾಣಬೇಕು. ಇದು ನಿಜಕ್ಕೂ ಕಷ್ಟ.

ಇದರ ಜೊತೆಗೇ ಎರಡು ಬಣ್ಣಗಳಲ್ಲಿ ಯಾವುದು ಗಾಢ ಎಂದು ಗುರುತಿಸುವುದನ್ನು ರೂಢಿಸಿಕೊಳ್ಳಿ. ಒಂದು ಕಾಗದದ ಮೂಲೆಯನ್ನು ಇನ್ನೊಂದರ ಮೇಲೆ ಇಟ್ಟು ಅರೆ ನಿಮಿಷ ಕಣ್ಣು ಅಲುಗಿಸದೆ ದಿಟ್ಟಿಸಿ, ಮೇಲಿನದನ್ನು ಥಟ್ಟನೆ ತೆಗೆಯಿರಿ. ಮೂಲೆ ಇದ್ದ ಜಾಗ ಸುತ್ತಲಿಗಿಂತ ತಿಳಿಯಾಗಿ ಕಂಡರೆ ತೆಗೆದ ಕಾಗದ ಗಾಢ. ಮಬ್ಬಾಗಿ ಕಂಡರೆ ಅದು ತಿಳಿ. ಮೊಬೈಲ್ ಫೋಟೊವನ್ನು ಕಪ್ಪುಬಿಳುಪು ಮಾಡಿ ನೋಡುವ ಅಡ್ಡದಾರಿ ಬೇಡ. ಕ್ಯಾಮೆರಾ ಬೆಳಕನ್ನು ತಾನೇ ಸರಿಪಡಿಸಿಕೊಂಡು ಬಣ್ಣಗಳ ಸಂಬಂಧವನ್ನೇ ತಿರುಚುತ್ತದೆ.

ಹಲಗೆಗೆ ಬಂದಾಗ 40 ಸೆಂ.ಮೀ. ಸಾಕು. ಪಾಲು 4, ಅಂಚುಗಳು 2, 4, 6. ಪ್ರೈಮರ್ ಅನ್ನು ಎದುರು ಮೈಗೆ ಹಚ್ಚಿದಷ್ಟೇ ಹಿಂಬದಿಗೂ, ನಾಲ್ಕೂ ದಂಡೆಗೂ ಹಚ್ಚಿ. ಒಂದೇ ಮೈಗೆ ಹಚ್ಚಿದರೆ ತೇವಾಂಶ ಎರಡು ಕಡೆ ಬೇರೆ ಬೇರೆಯಾಗಿ ಒಳಹೋಗಿ ಹಲಗೆ ಬಿಲ್ಲಿನಂತೆ ಬಾಗುತ್ತದೆ. ದಂಡೆ ಬಿಟ್ಟರೆ ಅದು ಊದಿಕೊಳ್ಳುತ್ತದೆ. ಬಣ್ಣದ ಪದರ 0.3 ಮಿ.ಮೀ. ಇರಬೇಕೆಂದರೆ ಇಡೀ ಹಲಗೆಗೆ ಸುಮಾರು 48 ಮಿ.ಲೀ. ಬೇಕು, ನಾಲ್ಕು ಚೌಕದ ವಿನ್ಯಾಸದಲ್ಲಿ ಹೊರಗಿನದಕ್ಕೆ 17, ನಡುವಿನದಕ್ಕೆ 8 ಮಿ.ಲೀ. ಚಾಕುವಿನಲ್ಲಿ ಹೋಗುವ ನಷ್ಟಕ್ಕೆ ಕಾಲು ಭಾಗ ಸೇರಿಸಿಕೊಳ್ಳಿ. ಅರ್ಧ ಹಚ್ಚಿದಾಗ ಟ್ಯೂಬ್ ಮುಗಿದು ಬೇರೆ ತಯಾರಕರದ್ದನ್ನು ಸೇರಿಸಿದರೆ ಆ ಸೀಮೆ ಒಣಗಿದ ಮೇಲೆ ಎದ್ದು ಕಾಣುತ್ತದೆ.

ಅಕ್ರಿಲಿಕ್‌ಗೆ ಅದರದೇ ತೊಂದರೆಗಳಿವೆ. ಹಸಿಯಾಗಿದ್ದಾಗ ಅಂಟಿನ ಎಮಲ್ಷನ್ ಹಾಲಿನಂತಿರುವುದರಿಂದ ಬಣ್ಣ ತಿಳಿಯಾಗಿ ಕಂಡು, ಒಣಗಿದ ಮೇಲೆ ಒಂದು ಮೆಟ್ಟಿಲು ಗಾಢವಾಗುತ್ತದೆ. ಹಾಗಾಗಿ ಹಸಿ ಬಣ್ಣ ನೋಡಿ ಜೋಡಿ ಮಾಡಬೇಡಿ. ಪ್ರತಿ ಟ್ಯೂಬಿನದೂ ಒಂದು ಕಾರ್ಡು ಹಚ್ಚಿ, ಒಣಗಿಸಿ, ಆ ಕಾರ್ಡುಗಳಿಂದ ಆರಿಸಿ. ಬೇಗ ಒಣಗುವುದರಿಂದ ಚಾಕು ಹೋದಲ್ಲಿ ಏಣು ನಿಲ್ಲುತ್ತದೆ, ಆ ಏಣು ಓರೆ ಬೆಳಕಿಗೆ ನೆರಳು ಕೊಟ್ಟು ಗೆರೆಯಂತೆ ಕಾಣುತ್ತದೆ. ಗಟ್ಟಿ ಮೈಯ ಹೆವಿ ಬಾಡಿ ಬಣ್ಣ ತೆಗೆದುಕೊಂಡು, ಒಂದು ಚೌಕವನ್ನು ಒಂದೇ ಸಲಕ್ಕೆ ಮುಗಿಸಿ. ಮಾಸ್ಕಿಂಗ್ ಟೇಪ್ ಹಾಕುವುದಾದರೆ ಟೇಪಿನ ಅಂಚಿಗೆ ಮೊದಲು ಬಣ್ಣವಿಲ್ಲದ ಮ್ಯಾಟ್ (ಹೊಳಪಿಲ್ಲದ) ಮೀಡಿಯಂ ಸವರಿ ಸಂದು ಮುಚ್ಚಿ, ಆಮೇಲೆ ಬಣ್ಣ. ಇಲ್ಲದಿದ್ದರೆ ಬಣ್ಣ ಟೇಪಿನ ಅಡಿಗೆ ನುಗ್ಗುತ್ತದೆ. ಒಂದು ಬಣ್ಣ ಹೊಳಪು, ಪಕ್ಕದ್ದು ಮಂಕು ಇದ್ದರೆ ಕಣ್ಣು ಬಣ್ಣ ಬಿಟ್ಟು ಹೊಳಪನ್ನೇ ಓದುತ್ತದೆ. ಕೊನೆಯಲ್ಲಿ ಮ್ಯಾಟ್ ವಾರ್ನಿಷ್ ಎರಡು ತೆಳು ಕೋಟ್ ಕೊಟ್ಟರೆ ಸಮವಾಗುತ್ತದೆ.

ಬಣ್ಣದ ಆಯ್ಕೆಯಲ್ಲಿ ಆಗುವ ದೊಡ್ಡ ಎಡವಟ್ಟು ಒಂದೇ: ಮೂರೂ ಬಣ್ಣ ಒಂದಕ್ಕೊಂದು ದೂರ ಇರುವುದು. ಕಪ್ಪು, ಕಿತ್ತಳೆ, ಬಿಳಿ ಇಟ್ಟರೆ ಗಟ್ಟಿಮುಟ್ಟಾದ ಪೋಸ್ಟರ್ ಸಿಗುತ್ತದೆ, ಬಣ್ಣಗಳ ನಡುವೆ ಕೊಡುಕೊಳ್ಳುವಿಕೆ ಇರುವುದಿಲ್ಲ. ಹೊರಗಿನ ಎರಡನ್ನು ಬದಲಿಸದೆ ಅತ್ಯಂತ ಒಳಗಿನದನ್ನಷ್ಟೇ ಬದಲಿಸಿ ಮೂರು ಹಲಗೆ ಮಾಡಿ. ಮೂರನ್ನೂ ಒಂದೇ ಬೆಳಕಿನಲ್ಲಿ, ನಡುವೆ ಒಂದು ಹಲಗೆಯಷ್ಟು ಜಾಗ ಬಿಟ್ಟು ತೂಗುಹಾಕಿ. ಹೊರಗಿನ ಬಣ್ಣಗಳು ಮೂರರಲ್ಲೂ ಒಂದೇ ಆಗಿ ಕಂಡರೆ ಇನ್ನೂ ಹತ್ತಿರದ ಬಣ್ಣಗಳಿಗೆ ಹೋಗಬೇಕು. ಅವು ಬೇರೆ ಬೇರೆಯಾಗಿ ಕಾಣತೊಡಗಿದ ದಿನ ಯಾಂತ್ರಿಕತೆಯ ಪ್ರಶ್ನೆ ನಿಮಗೇ ಬೇಡವಾಗುತ್ತದೆ. ಅಲ್ಲಿಯ ತನಕ ವಿನ್ಯಾಸ ಬದಲಿಸುವ ಆಸೆಗೆ ಬೀಳಬೇಡಿ. ಬಣ್ಣವೂ ಅಳತೆಯೂ ಒಟ್ಟಿಗೆ ಬದಲಾದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಹಿಂಬದಿಯ ಪಟ್ಟಿಯನ್ನು ಮರೆಯಬೇಡಿ. ಒರಟು ಮೈಗೆ ಬಣ್ಣ ಹಚ್ಚಿದ್ದರೆ ನಯವಾದ ಮೈ ಬರೆಯಲು ಸಿಗುತ್ತದೆ, ಪೆನ್ಸಿಲ್ ಸಾಕು. ಇದು ಬರೀ ಅಚ್ಚುಕಟ್ಟುತನದ ಮಾತಲ್ಲ. ನ್ಯೂಯಾರ್ಕಿನ ಪ್ಯಾನ್ ಆ್ಯಮ್ ಕಟ್ಟಡಕ್ಕೆ 1963ರಲ್ಲಿ ಆಲ್ಬರ್ಸ್ ಕೆಂಪು, ಬಿಳಿ, ಕಪ್ಪು ಫಲಕಗಳ ‘ಮ್ಯಾನ್‌ಹ್ಯಾಟನ್’ ಎಂಬ ಭಿತ್ತಿಕೃತಿ ಮಾಡಿದ್ದರು. 2000ದಲ್ಲಿ ಅದನ್ನು ಕಿತ್ತುಹಾಕಿದರು, ಫಲಕಗಳಲ್ಲಿ ಆರೋಗ್ಯಕ್ಕೆ ಅಪಾಯಕಾರಿಯಾದ ಆಸ್‌ಬೆಸ್ಟಾಸ್ ನಾರು ಇದ್ದುದರಿಂದ ಮೂಲವನ್ನು ಉಳಿಸಿಕೊಳ್ಳಲಾಗಲಿಲ್ಲ. ಆದರೆ ಕಲಾವಿದರೇ ಕೊಟ್ಟಿದ್ದ ವಿವರಗಳ ಪ್ರಕಾರ ಹೊಸದಾಗಿ ತಯಾರಿಸಿ 2019ರಲ್ಲಿ ಅದೇ ಗೋಡೆಗೆ ಮತ್ತೆ ಕೂರಿಸಿದರು. ನಿಮ್ಮ ಪಟ್ಟಿಯಲ್ಲಿ ಪ್ರೈಮರ್ ಕೋಟ್‌ಗಳ ಸಂಖ್ಯೆ, ನಡುವಿನಿಂದ ಹೊರಕ್ಕೆ ಬಣ್ಣದ ಹೆಸರು, ತಯಾರಕರು, ಟ್ಯೂಬಿನ ಮೇಲಿರುವ ಪಿಗ್ಮೆಂಟ್ (ಬಣ್ಣದ ಪುಡಿ) ಸಂಕೇತ, ವಾರ್ನಿಷ್, ತಿಂಗಳು-ವರ್ಷ ಇರಲಿ. ತಯಾರಕರು ಹೆಸರನ್ನು ಉಳಿಸಿಕೊಂಡು ಒಳಗಿನ ಪಿಗ್ಮೆಂಟನ್ನು ಬದಲಿಸುವುದುಂಟು. ಆಗ ನೆರವಿಗೆ ಬರುವುದು ಆ ಸಂಕೇತ.